ನೆಟ್ಟರೆ ಸಾಲದು, ಕಾಯಬೇಕು
(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನು ಮನುಷ್ಯನನ್ನು ಭೂಮಿಯಲ್ಲಿ ಖಲೀಫನನ್ನಾಗಿ ಮಾಡಿದನು. ಖಲೀಫನೆಂದರೆ ಮಾಲಕನಲ್ಲ, ಹೊಣೆಗಾರ. ಈ ಭೂಮಿ ನಮ್ಮ ಕೈಯಲ್ಲಿರುವ ಅಮಾನತ್. ಅದರ ಲೆಕ್ಕವನ್ನು ನಾಳೆ ನಾವು ಕೊಡಲೇಬೇಕು.

ಅರಬಿ ಸಮುದ್ರದಲ್ಲಿ ಯಮನ್ ದೇಶಕ್ಕೆ ಸೇರಿದ ಸೊಕೋತ್ರಾ ಎಂಬ ದ್ವೀಪವಿದೆ. ಅಲ್ಲಿಯ ಜನರು ಮುಸ್ಲಿಮರು, ಮೀನು ಹಿಡಿದು, ಆಡು ಸಾಕಿ ಬದುಕುವವರು. ಅಲ್ಲಿನ ಸುಮಾರು 825 ಜಾತಿಯ ಸಸ್ಯಗಳಲ್ಲಿ ನೂರಕ್ಕೆ 37ರಷ್ಟು ಲೋಕದ ಬೇರೆಲ್ಲಿಯೂ ಇಲ್ಲ. 2008ರಲ್ಲಿ ಯುನೆಸ್ಕೋ ಈ ದ್ವೀಪಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಸಸ್ಯಗಳಲ್ಲಿ ಹೆಸರಾದದ್ದು ಬಿಡಿಸಿದ ಕೊಡೆಯಂತಹ ಒಂದು ಮರ. ತೊಗಟೆಯನ್ನು ಕೆತ್ತಿದರೆ ರಕ್ತದಂತಹ ಕೆಂಪು ಅಂಟು ಬರುತ್ತದೆ. ಅರಬರು ಅದನ್ನು 'ದಮುಲ್ ಅಖವೈನ್', ಅಂದರೆ ಇಬ್ಬರು ಸಹೋದರರ ರಕ್ತ ಎನ್ನುತ್ತಾರೆ. ನಮ್ಮ ಯುನಾನಿ ಹಕೀಮರಿಗೂ ಆ ಔಷಧಿ ಗೊತ್ತು. ಮಳೆ ಕಡಿಮೆಯಿರುವ ಆ ನೆಲದಲ್ಲಿ ಮರದ ಎಲೆಗಳು ಮಂಜಿನ ಹನಿಗಳನ್ನು ಹಿಡಿದು ಬುಡಕ್ಕೆ ಇಳಿಸುತ್ತವೆ. ಅದರ ನೆರಳಲ್ಲಿ ಬೇರೆ ಗಿಡಗಳೂ ಬದುಕುತ್ತವೆ. ಸುಬ್‌ಹಾನಲ್ಲಾಹ್!

ದೂರದಿಂದ ನೋಡಿದರೆ ಕಾಡು ಚೆನ್ನಾಗಿದೆ. ಹತ್ತಿರ ಹೋದರೆ ಬಹುತೇಕ ಎಲ್ಲವೂ ಮುದಿಮರಗಳು. ಎಳೆಗಿಡಗಳು ಅಪರೂಪ, ಅವೂ ಆಡಿಗೆ ಎಟುಕದ ಕಡಿದಾದ ಬಂಡೆಗಳಲ್ಲಿ. ಉಳಿದ ಕಡೆ ಮೊಳಕೆ ತಲೆಯೆತ್ತುವ ಮೊದಲೇ ಆಡುಗಳು ಮೇಯುತ್ತವೆ. 2015ರ ನವೆಂಬರಿನಲ್ಲಿ ಬೆನ್ನುಬೆನ್ನಿಗೆ ಬಂದ ಎರಡು ಚಂಡಮಾರುತಗಳು ಎಷ್ಟೋ ಮರಗಳನ್ನು ಉರುಳಿಸಿದವು. ಬಿದ್ದ ಮರದ ಜಾಗಕ್ಕೆ ಬರಲು ವಾರಸುದಾರ ಗಿಡವೇ ಇಲ್ಲ.

ತಪ್ಪು ಆಡಿನದೇ? ಅಲ್ಲ. ಆಡು ಬಡವನ ಅನ್ನ. ಪ್ರವಾದಿ(ಸ)ರವರೂ ಆಡು ಕಾಯ್ದವರು. ತಪ್ಪಿದ್ದು ಮಿತಿ. ಪ್ರವಾದಿ(ಸ)ರವರು ಮದೀನಾವನ್ನು ಹರಮ್ ಎಂದು ಘೋಷಿಸಿ ಅಲ್ಲಿ ಮರ ಕಡಿಯುವುದನ್ನೂ ಬೇಟೆಯನ್ನೂ ನಿಷೇಧಿಸಿದರು. ಮೇವಿಗೂ ಕಟ್ಟುಪಾಡು ಬೇಕೆಂದು 'ಹಿಮಾ' ಎಂಬ ಕಾಯ್ದಿಟ್ಟ ಬಯಲುಗಳಿದ್ದವು.

ಇಂದು ಆ ದ್ವೀಪದ ಕೆಲವರು ಬೇಲಿ ಕಟ್ಟಿ, ಬೀಜದಿಂದ ಸಸಿ ಬೆಳೆಸಿ ಕಾಯುತ್ತಿದ್ದಾರೆ. ಈ ಮರ ಬಹಳ ನಿಧಾನವಾಗಿ ಬೆಳೆಯುತ್ತದೆ. ನೆಟ್ಟವನು ಅದರ ನೆರಳನ್ನು ಕಾಣಲಾರ. ಆದರೂ ಕಾಯುತ್ತಾನೆ. ಕಿಯಾಮತ್ ಬಂದೇಬಿಟ್ಟರೂ ಕೈಯಲ್ಲಿರುವ ಸಸಿಯನ್ನು ನೆಡಬೇಕೆಂಬ ಪ್ರವಾದಿ(ಸ)ರವರ ಉಪದೇಶದ ಅರ್ಥ ಇದೇ ಅಲ್ಲವೇ? ನೆಟ್ಟ ಮರದಿಂದ ಹಕ್ಕಿ ತಿಂದರೂ ಪ್ರಾಣಿ ತಿಂದರೂ ನೆಟ್ಟವನಿಗೆ ಸದಕಾದ ಪುಣ್ಯವಿದೆಯೆಂದು ಹದೀಸ್ ಕಲಿಸುತ್ತದೆ.

ಸಹೋದರರೇ, ಈಗ ನಮ್ಮನ್ನು ನೋಡಿಕೊಳ್ಳೋಣ. ಕಳೆದ ಮಳೆಗಾಲದಲ್ಲಿ ನಾವು ಖಬರಸ್ಥಾನದಲ್ಲಿ ಸಸಿಗಳನ್ನು ನೆಟ್ಟೆವು, ಫೋಟೋ ತೆಗೆಸಿಕೊಂಡೆವು. ಬೇಲಿ ಹಾಕಲಿಲ್ಲ. ಬೇಸಿಗೆಯಲ್ಲಿ ನೀರು ಹೊತ್ತು ಹೋದವರಿಲ್ಲ. ಕೆಲವನ್ನು ಆಡುಗಳು ತಿಂದವು, ಉಳಿದವು ಒಣಗಿದವು. ಇದರಲ್ಲಿ ಇಮಾಮರಾದ ನಾವೂ ತಪ್ಪಿತಸ್ಥರೇ. ಈ ಸಲ ಸಸಿ ಕಡಿಮೆಯಿರಲಿ, ನಮ್ಮ ಊರಿನದೇ ಮರಗಳಾಗಿರಲಿ. ಒಂದೊಂದು ಮನೆಯವರು ಒಂದು ಸಸಿಯನ್ನು ಮೂರು ವರ್ಷ ಕಾಯುವ ಹೊಣೆ ಹೊರಲಿ.

ಅಮಾನತ್ತನ್ನು ಕಾಯುವವರ ಸಾಲಿನಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ. ಆಮೀನ್.