ದೀಪವಲ್ಲ, ಫ್ಯಾನು

ಒಮ್ಮೆ ಚಿತ್ರೀಕರಣಕ್ಕೆಂದು ಕೊಳ್ಳೇಗಾಲದಿಂದ ಹೊರಟ ನಮ್ಮ ತಂಡ ಹನೂರಿನಾಚೆ ಪರಿಚಿತರೊಬ್ಬರ ಹೊಲದಲ್ಲಿ ರಾತ್ರಿ ತಂಗಿತು. ವ್ಯಾನೇ ಮನೆ. ಅದರ ಬ್ಯಾಟರಿಯಿಂದಲೇ ದೀಪ ಉರಿಸಿದೆವು, ಕ್ಯಾಮೆರಾ ಚಾರ್ಜ್ ಮಾಡಿದೆವು, ಫ್ಯಾನು ತಿರುಗಿಸಿದೆವು. ಬೆಳಗ್ಗೆ ಕೀಲಿ ತಿರುಗಿಸಿದರೆ ಎಂಜಿನ್ 'ಟಿಕ್' ಎಂದು ಸುಮ್ಮನಾಯಿತು. ವಿಜ್ಞಾನ ಪದವೀಧರನಾದ ನಾನೂ ವ್ಯಾನು ತಳ್ಳಿದೆ!

ಲೆಕ್ಕ ಸರಳ, ನಾನು ಹಾಕಿರಲಿಲ್ಲ. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿ ಎಂದರೆ 1,200 ವ್ಯಾಟ್-ಗಂಟೆ. ಸೀಸ-ಆಮ್ಲದ ಬ್ಯಾಟರಿಯಾದರೆ ಅದರಲ್ಲಿ ಅರ್ಧ, ಅಂದರೆ 600 ಮಾತ್ರ ನಮ್ಮದು. ಪದೇ ಪದೇ ಪೂರ್ತಿ ಬರಿದು ಮಾಡಿದರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಬೇಗ ಹಾಳಾಗುತ್ತದೆ. 10 ವ್ಯಾಟಿನ ದೀಪ 5 ಗಂಟೆ ಉರಿದರೆ ಖರ್ಚು ಬರೀ 50. 60 ವ್ಯಾಟಿನ ಫ್ಯಾನು 8 ಗಂಟೆ ತಿರುಗಿದರೆ 480! ಇನ್ವರ್ಟರ್ ನುಂಗುವುದು ಬೇರೆ. ನಾವು ಜಾಣರಂತೆ ದೀಪ ಆರಿಸಿ, ಫ್ಯಾನು ಹಾಕಿಕೊಂಡೇ ಮಲಗಿದ್ದೆವು.

ಈಗ ಎಂಜಿನ್ನಿನ ಬ್ಯಾಟರಿಯನ್ನು ಮುಟ್ಟುವುದಿಲ್ಲ. ದೀಪಕ್ಕೆ ಬೇರೆಯೇ ಇದೆ. ಬಳಕೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮೀಟರ್ ಹಿಡಿದಾಗ ಸುಮಾರು 12.6 ವೋಲ್ಟ್ ಇದ್ದರೆ ತುಂಬಿದೆ; 12.1ಕ್ಕೆ ಇಳಿದರೆ ಅರ್ಧ ಮುಗಿದಿದೆ.

ಮುಂದೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೌರಫಲಕವನ್ನು ನಂಬಿದೆವು. ಬಿಸಿಲಿತ್ತು, ಜೊತೆಗೆ ಒಂದು ಕೊಂಬೆಯ ನೆರಳೂ ಇತ್ತು. ಫಲಕದ ಕೋಶಗಳು ಸರಣಿಯಲ್ಲಿರುವುದರಿಂದ ಮೂಲೆಯ ನೆರಳೂ ಉತ್ಪಾದನೆಯನ್ನು ಬಹಳ ಇಳಿಸುತ್ತದೆ. ಅಲ್ಲಿನ ಸೋಲಿಗರ ಪೋಡೊಂದರಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಊಟದ ಹೊತ್ತಿಗೆ ಮನೆಯ ಸೌರದೀಪ ಆರಿಸಿದಳು. "ಒಲೆ ಬೆಳಕು ಸಾಕು ಸಾರ್, ಇದು ರಾತ್ರಿ ಓದೋಕೆ" ಎಂದಳು.