ಅಳಿಸದ ಅಂಕಿ: ಭೂಮಾಪನವೃತ್ತಿಯ ಚರಿತ್ರೆಯ ರಕ್ಷಣೆ



ನನಗೆ ಅನ್ನವನ್ನೂ ಶಿಸ್ತನ್ನೂ ಕೊಟ್ಟ ಭೂಮಾಪನವೃತ್ತಿಯ ಒಂದು ನಿಯಮದಿಂದಲೇ ಮಾತನ್ನಾರಂಭಿಸುತ್ತೇನೆ. ಹೊಲದಲ್ಲಿ ನಿಂತು ಟಿಪ್ಪಣಿ ಪುಸ್ತಕದಲ್ಲಿ ಬರೆದ ಅಂಕಿಯು ತಪ್ಪೆಂದು ತಿಳಿದುಬಂದಾಗ ಅದನ್ನು ಅಳಿಸಕೂಡದು, ಅದರ ಮೇಲೆಯೇ ತಿದ್ದಿ ಬರೆಯಲೂ ಕೂಡದು. ಮೊದಲಿನ ಅಂಕಿ ಓದಲು ಬರುವಂತೆ ಒಂದೇ ಗೆರೆಯಿಂದ ಹೊಡೆದುಹಾಕಿ, ಸರಿಯಾದುದನ್ನು ಪಕ್ಕದಲ್ಲಿ ಬರೆದು, ರುಜು ಮಾಡಬೇಕು. ಬದುವಿನ ವ್ಯಾಜ್ಯ ಹುಟ್ಟಿ, ಬಾಂದುಕಲ್ಲು ಸರಿದಿದೆಯೆಂಬ ಸಂಶಯ ಬಂದು, ನಕ್ಷೆಯಲ್ಲಿಯೂ ನಂಬಿಕೆ ಸಾಲದಾದಾಗ ಕಟ್ಟಕಡೆಯ ಪ್ರಮಾಣವಾಗಿ ತೆರೆಯುವುದು ಆ ಪುಸ್ತಕವನ್ನೇ. ಟಿಪ್ಪಣಿ ಕಳೆದುಹೋದ ನಕ್ಷೆಯು ಅಳತೆಯ ಸಾಕ್ಷಿಯಾಗಿ ಉಳಿಯದೆ ಬರಿಯ ಚಿತ್ರವಾಗಿಬಿಡುತ್ತದೆ. ನೆಲದ ವಿಷಯದಲ್ಲಿ ಇಷ್ಟು ನಿಷ್ಠೆಯಿಂದ ಪಾಲಿಸಿಕೊಂಡು ಬಂದ ಈ ಧರ್ಮವನ್ನು ನಾವು ನಮ್ಮ ವೃತ್ತಿಯ ಚರಿತ್ರೆಯ ವಿಷಯದಲ್ಲಿಯೂ ಪಾಲಿಸಬೇಕೆಂಬುದೇ ಇಂದಿನ ನನ್ನ ನಿವೇದನೆ.

ಅಂಥ ಪಾಲನೆಯ ನಿದರ್ಶನವೊಂದನ್ನು ಮೊದಲು ಹೇಳುತ್ತೇನೆ. 1800ರಲ್ಲಿ ಬೆಂಗಳೂರಿನಲ್ಲಿ ಆಧಾರರೇಖೆಯೊಂದನ್ನು ಅಳೆದ ವಿಲಿಯಂ ಲ್ಯಾಂಬ್ಟನ್ನರು 1802ರ ಏಪ್ರಿಲ್ಲಿನಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮಹಾ ತ್ರಿಕೋನಮಿತಿಯ ಮಾಪನಕ್ಕೆ ಅಡಿಗಲ್ಲನ್ನಿಟ್ಟರು. ಅವರ ಮಹಾ ಥಿಯೋಡೊಲೈಟು ಅರ್ಧ ಟನ್ನಿನಷ್ಟು ತೂಕದ್ದು. 1808ರಲ್ಲಿ ತಂಜಾವೂರಿನ ದೇವಾಲಯದ ಮೇಲಕ್ಕೆ ಅದನ್ನು ಹಗ್ಗಕಟ್ಟಿ ಎತ್ತುತ್ತಿರುವಾಗ ಹಗ್ಗ ಹರಿದು, ಪೆಟ್ಟಿಗೆ ಗೋಡೆಗೆ ಅಪ್ಪಳಿಸಿ, ಕೋನಗಳನ್ನು ಓದುವ ಹಿತ್ತಾಳೆಯ ಮಹಾವೃತ್ತವೇ ಸೊಟ್ಟಗಾಯಿತು. ಲ್ಯಾಂಬ್ಟನ್ನರು ಡೇರೆಯೊಳಗೆ ಆರು ವಾರ ಕುಳಿತು, ಬೆಣೆ, ತಿರುಪು, ರಾಟೆಗಳಿಂದ ಎಳೆದೆಳೆದು ಅದನ್ನು ಮತ್ತೆ ವರ್ತುಲಾಕಾರಕ್ಕೆ ತಂದರು. ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟರು ಈ ವೃತ್ತಾಂತವನ್ನು ಮುಚ್ಚಿಡದೆ ಬರೆದಿಟ್ಟರಾಗಿ, ಆ ಯಂತ್ರದಿಂದ ಅನಂತರ ದೊರೆತ ಕೋನಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ವಿಚಾರಮಾಡುವುದು ನಮಗೆ ಸಾಧ್ಯವಾಗಿದೆ. ಇದೇ ಗೆರೆ ಹೊಡೆದು ಉಳಿಸಿದ ಅಂಕಿ.

ಅಳಿಸಿದ ಅಂಕಿಯ ನಿದರ್ಶನವೂ ಉಂಟು. 1831ರಲ್ಲಿ ಈ ಮಾಪನಕಾರ್ಯಕ್ಕೆ ಗಣಕರಾಗಿ ಸೇರಿದ ಬಂಗಾಳದ ರಾಧಾನಾಥ ಸಿಕ್ದಾರರು ಹಿಮಾಲಯದಲ್ಲಿ ಹದಿನೈದನೆಯದೆಂದು ಗುರುತಿಸಲಾಗಿದ್ದ ಶಿಖರದ ಎತ್ತರವನ್ನು ನಿರ್ಣಯಿಸಿದ ಗಣಿತದಲ್ಲಿ ಮುಖ್ಯ ಪಾತ್ರ ವಹಿಸಿದವರು. 1856ರಲ್ಲಿ 29,002 ಅಡಿಯೆಂದು ಪ್ರಕಟವಾದ ಆ ಶಿಖರಕ್ಕೆ ಎವರೆಸ್ಟರ ಹೆಸರು ಬಂದಿತು. ಮಾಪನಶಾಸ್ತ್ರದ ಇಲಾಖಾ ಕೈಪಿಡಿಯು 1851ರಲ್ಲಿ ಹೊರಬಂದಾಗ, ಅದರ ಶಾಸ್ತ್ರಭಾಗಕ್ಕೆ ಸಿಕ್ದಾರರು ಸಲ್ಲಿಸಿದ ಕಾರ್ಯವನ್ನು ಮುನ್ನುಡಿಯಲ್ಲಿ ಸ್ಮರಿಸಲಾಗಿತ್ತು. ಅವರು ಗತಿಸಿದ ತರುವಾಯ 1875ರಲ್ಲಿ ಬಂದ ಮೂರನೆಯ ಮುದ್ರಣದಲ್ಲಿ ಆ ಸ್ಮರಣೆಯೇ ಕಾಣೆಯಾಯಿತು. ಇದು ಮೃತರನ್ನು ದೋಚಿದಂತೆಂದು ಅಂದಿನ ಪತ್ರಿಕೆಯೊಂದು ಖಂಡಿಸಿತು. ಹಳೆಯ ಮುದ್ರಣವೊಂದು ಉಳಿದಿರದಿದ್ದರೆ ಹೋಲಿಸಿ ನೋಡಲು ಆ ಖಂಡನಕಾರರಿಗಾದರೂ ಏನಿರುತ್ತಿತ್ತು?

ಇಂಥ ವಿಸ್ಮೃತಿಗೆ ಪ್ರತಿಯಾಗಿ ಒಬ್ಬರೇ ನಿಂತು ದುಡಿದವರು ಆರ್. ಎಚ್. ಫಿಲಿಮೋರರು. ಸರ್ವೆ ಆಫ್ ಇಂಡಿಯಾ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಅವರು ಪತ್ರಾಗಾರಗಳ ಕಡತಗಳನ್ನು ಶೋಧಿಸಿ, 1767ರಿಂದ ನಡೆದುಬಂದ ಆ ಇಲಾಖೆಯ ಚಾರಿತ್ರಿಕ ದಾಖಲೆಗಳನ್ನು ಐದು ಸಂಪುಟಗಳಲ್ಲಿ ಸಂಗ್ರಹಿಸಿದರು. ಮೊದಲನೆಯದು 1945ರಲ್ಲಿ ಡೆಹರಾಡೂನಿನಿಂದ ಪ್ರಕಟವಾಯಿತು. ಮಾಪಕರ ಜೀವನಸಂಗತಿಗಳಿಗೂ ಅಲ್ಲಿ ಸ್ಥಾನವುಂಟು. ಆದರೆ ಆ ಮಹಾಶ್ರಮದ ಕಥನವು 1861ಕ್ಕೆ ನಿಲ್ಲುತ್ತದೆ.

ಆಮೇಲಿನದೇ ವಿಮಾನಯುಗ. 1924ರಲ್ಲಿ ಬರ್ಮಾದ ಐರಾವತಿಯ ನದೀಮುಖದ ಕಾಡುಗಳನ್ನು ವಿಮಾನದಿಂದ ಚಿತ್ರಿಸಿದುದು ಈ ಭಾಗದಲ್ಲಿ ವೈಮಾನಿಕ ಮಾಪನದ ಆದ್ಯಪ್ರಯೋಗಗಳಲ್ಲೊಂದು. 1966ರಲ್ಲಿ ಡೆಹರಾಡೂನಿನಲ್ಲಿ ಛಾಯಾಚಿತ್ರಗಳ ಅರ್ಥವಿವರಣೆಯನ್ನು ಕಲಿಸಲು ಸಂಸ್ಥೆಯೊಂದು ಆರಂಭವಾಯಿತು. ವಿಮಾನವು ಉತ್ತ ಸಾಲುಗಳಂತೆ ಹೋಗಿಬರುತ್ತ ತೆಗೆಯುವ ಚಿತ್ರಗಳಲ್ಲಿ ಒಂದರ ಶೇಕಡ 60ರಷ್ಟು ಭಾಗ ಮುಂದಿನದರಲ್ಲಿಯೂ ಬರಬೇಕು. ಹೀಗೆ ಎರಡು ನೆಲೆಗಳಿಂದ ಕಂಡ ಒಂದೇ ನೆಲವನ್ನು ಸ್ಟೀರಿಯೋಸ್ಕೋಪಿನ ಕೆಳಗಿರಿಸಿ, ಎಡಚಿತ್ರವನ್ನು ಎಡಗಣ್ಣಿಗೂ ಬಲಚಿತ್ರವನ್ನು ಬಲಗಣ್ಣಿಗೂ ಒಪ್ಪಿಸಿದರೆ, ಅದುವರೆಗೆ ಚಪ್ಪಟೆಯಾಗಿದ್ದ ಕಾಗದದಿಂದ ಬೆಟ್ಟ ಏಳುತ್ತದೆ, ಕಣಿವೆ ಇಳಿಯುತ್ತದೆ. ಮೊದಲ ಸಲ ಅದನ್ನು ಕಂಡಾಗ ನಾನು ಅರಿವಿಲ್ಲದೆಯೇ ಬೆಟ್ಟದ ತುದಿಯನ್ನು ಮುಟ್ಟಲು ಬೆರಳು ಚಾಚಿದ್ದೆ.

ನಕ್ಷೆ ಬರೆಯುವ ದೊಡ್ಡ ಯಂತ್ರದಲ್ಲಿ ಬೆಳಕಿನ ಚುಕ್ಕೆಯೊಂದು ಈ ಬೆಟ್ಟದ ಮೇಲೆ ತೇಲುತ್ತದೆ. ಕಾಲಿನ ಚಕ್ರದಿಂದ ಅದನ್ನು ಬೇಕಾದ ಎತ್ತರಕ್ಕೆ ನಿಲ್ಲಿಸಿ, ಎರಡು ಕೈಚಕ್ರಗಳಿಂದ ಅತ್ತಿತ್ತ ನಡೆಸುತ್ತ, ನೆಲವನ್ನು ಒತ್ತದಂತೆ, ನೆಲದಿಂದ ಬಿಡದಂತೆ ಸಾಗಿಸಿದಲ್ಲಿ ಸಮೋನ್ನತಿರೇಖೆ ಮೂಡುತ್ತದೆ. ಆದರೆ ಘಟ್ಟದ ದಟ್ಟ ಕಾಡಿನಲ್ಲಿ ಚುಕ್ಕೆಗೆ ಕಾಣುವುದು ಮರದ ನೆತ್ತಿ ಮಾತ್ರ. ನೆಲ ಅಲ್ಲಿಂದ ಎಷ್ಟು ಕೆಳಗಿದೆಯೆಂಬುದನ್ನು, ಮರದ ಜಾತಿಯನ್ನೂ ಕಾಡಿನ ನಡುವಣ ತೆರಪುಗಳನ್ನೂ ನೋಡಿ, ಅನುಭವಿಯೊಬ್ಬನು ನಿಶ್ಚಯಿಸಬೇಕು. ನನಗೆ ಈ ವಿದ್ಯೆಯನ್ನು ಹೇಳಿಕೊಟ್ಟ ಹಿರಿಯರು, ತಾವು ಸಂಶಯಪಟ್ಟ ಸ್ಥಳಗಳನ್ನೆಲ್ಲ ಪೆನ್ಸಿಲಿನಿಂದ ಒಂದು ನೋಟುಪುಸ್ತಕದಲ್ಲಿ ಗುರುತಿಸುತ್ತಿದ್ದರು. ಅವರು ನಿವೃತ್ತರಾದ ಬಳಿಕ ಅದು ರದ್ದಿಗೆ ಹೋಯಿತು, ಯಂತ್ರ ತೂಕದ ಲೆಕ್ಕಕ್ಕೆ ಮಾರಾಟವಾಯಿತು. ನಕ್ಷೆ ಉಳಿದಿದೆ, ಅದರಲ್ಲಿ ಕಂಡು ಬರೆದ ಗೆರೆ ಯಾವುದು, ಊಹಿಸಿ ಬರೆದ ಗೆರೆ ಯಾವುದೆಂದು ಹೇಳಬಲ್ಲ ಸಾಕ್ಷಿ ಉಳಿದಿಲ್ಲ.

ಆದುದರಿಂದ ಮಾಡಬೇಕಾದುದೇನು? ಹಳೆಯ ನೆಗೆಟಿವುಗಳನ್ನು ತಂಪಾದ, ತೇವವಿಲ್ಲದ ಕೋಣೆಯಲ್ಲಿ ಕಾಪಾಡುವುದಲ್ಲದೆ, ಅವುಗಳೊಡನೆ ಹಾರಾಟದ ಸೂಚೀನಕ್ಷೆಯನ್ನೂ ಕ್ಯಾಮೆರಾದ ಪರೀಕ್ಷಾಪತ್ರವನ್ನೂ ಕಾಪಾಡಬೇಕು. ಮಸೂರದ ನಾಭಿದೂರ ತಿಳಿಯದ ಚಿತ್ರವನ್ನು ನೋಡಬಹುದು, ನಿಖರವಾಗಿ ಅಳೆಯುವುದು ಕಷ್ಟ. ಮುಂದೊಂದು ದಿನ, ಇಲ್ಲಿ ಕೆರೆಯಿತ್ತೇ ಇಲ್ಲವೇ ಎಂದು ಮೊಮ್ಮಕ್ಕಳು ಕೇಳಿದಾಗ ಪ್ರಮಾಣ ನುಡಿಯುವುದು ಆ ಅಳೆಯಬಲ್ಲ ಚಿತ್ರವೇ. ಅದಕ್ಕಿಂತಲೂ ತ್ವರೆಯ ಕಾರ್ಯವೆಂದರೆ, ಸರಪಳಿ ಎಳೆದ ಖಲಾಸಿಯಿಂದ ಹಿಡಿದು ಯಂತ್ರದ ಮುಂದೆ ಕಣ್ಣು ಸವೆಸಿದವರವರೆಗೆ, ಬದುಕಿರುವ ಹಿರಿಯರ ಮುಂದೆ ಅವರದೇ ನಕ್ಷೆಗಳನ್ನು ಹರಡಿ, ಪ್ರತಿಯೊಂದು ಗೆರೆ ಹೇಗೆ ಬಂದಿತೆಂದು ಕೇಳಿ, ಅವರ ಮಾತಿನಲ್ಲಿಯೇ ಬರೆದಿಡುವುದು.

ನನ್ನಲ್ಲಿ ಉಳಿದಿರುವ ಹನ್ನೊಂದು ನೋಟುಪುಸ್ತಕಗಳನ್ನು ಇಂದು ಈ ಉಪನ್ಯಾಸವನ್ನು ಏರ್ಪಡಿಸಿದ ಸಂಸ್ಥೆಗೆ ಒಪ್ಪಿಸುತ್ತಿದ್ದೇನೆ. ಅವುಗಳಲ್ಲಿ ಗೆರೆ ಹೊಡೆದ ಅಂಕಿಗಳು ಹಲವು ಇವೆ. ಮುಂದೆ ಪ್ರತಿಮಾಡುವವರು ಅವನ್ನು ಬಿಟ್ಟು ಬರೆಯದೆ, ತಪ್ಪನ್ನೂ ತಿದ್ದುಪಡಿಯನ್ನೂ ಕೂಡಿಯೇ ಬರೆಯಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.