ಮೊದಲು ಕೊರತೆ ಬರೆಯೋಣ, ಆಮೇಲೆ ಯಂತ್ರ ತರೋಣ

(ಬೆಳ್ಳಿಹಬ್ಬದ ಪೂರ್ವಭಾವಿಯಾಗಿ ಸೇರಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬುತ್ತಿರುವ ಈ ಸಂತೋಷದ ಸಮಯದಲ್ಲಿ, ಮುಂದೆ ಡೈರಿಗೆ ಯಾವ ಯಂತ್ರೋಪಕರಣ ಬೇಕು ಎಂಬ ಬಗ್ಗೆ ಎರಡು ಮಾತು ಹೇಳಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ., ಮಾಡುವುದು ಬೇಸಾಯ. ಇಂಜಿನಿಯರ್ ಭಾಷೆ ನಮಗೆ ಬಾರದು. ಹಾಲು ಹಾಕುವವರಾಗಿ, ನಿರ್ದೇಶಕರಾಗಿ ಕಂಡದ್ದನ್ನು ಹೇಳುತ್ತೇವೆ.

ಒಬ್ಬರು ಬಲ್ಕ್ ಕೂಲರ್ ತನ್ನಿ ಅಂತಾರೆ. ಇನ್ನೊಬ್ಬರು ಹಾಲು ಕರೆಯುವ ಯಂತ್ರ ಅಂತಾರೆ. ಹುಡುಗರು ಲೆಕ್ಕವೆಲ್ಲ ಮೊಬೈಲಿಗೇ ಬರಲಿ ಅಂತಾರೆ. ಎಲ್ಲವೂ ಒಳ್ಳೆಯದೇ. ಆದರೆ ಗಂಟು ಒಂದೇ. 1959ರ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ನಿವ್ವಳ ಲಾಭದಲ್ಲಿ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ ಆಪದ್ಧನಕ್ಕೆ ಹೋಗಬೇಕು. ಉಳಿದದ್ದರಲ್ಲಿ ಬೋನಸ್ಸೂ ಆಗಬೇಕು, ಯಂತ್ರವೂ ಬರಬೇಕು. ಆದ್ದರಿಂದ ಪಕ್ಕದೂರಿಗೆ ಬಂತು, ನಮಗೂ ಬೇಕು ಅನ್ನುವ ಹಾಗಿಲ್ಲ.

ಗುಜರಾತಿನ ಆನಂದದ ವಿಷಯ ತಾವು ಕೇಳಿದ್ದೀರಿ. 1946ರಲ್ಲಿ ಆರಂಭವಾದ ಅಲ್ಲಿನ ಖೇಡಾ ಒಕ್ಕೂಟಕ್ಕೆ ಚಳಿಗಾಲದಲ್ಲಿ ಎಮ್ಮೆ ಹಾಲು ಹೆಚ್ಚಾಗಿ ಬರುತ್ತಿತ್ತು, ಕೊಳ್ಳುವವರು ಸಾಲುತ್ತಿರಲಿಲ್ಲ. ಎಮ್ಮೆ ಹಾಲಿನಿಂದ ಪುಡಿ ಆಗುವುದಿಲ್ಲ ಎಂದು ಹೊರದೇಶದ ತಜ್ಞರು ಹೇಳುತ್ತಿದ್ದ ಕಾಲ ಅದು. ಡಾ. ವರ್ಗೀಸ್ ಕುರಿಯನ್ ಅವರ ಜೊತೆಗಿದ್ದ ಎಚ್.ಎಂ. ದಲಾಯ ಅವರು ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಅಲ್ಲಿ ಕಾರ್ಖಾನೆಯೇ ನಿಂತಿತು. ತೊಂದರೆ ಏನೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು, ಅದಕ್ಕೆ ತಕ್ಕ ಯಂತ್ರ ಹುಡುಕಿದರು. ದೊಡ್ಡವರ ದಾರಿ ಚಿಕ್ಕ ಸಂಘಕ್ಕೂ ಸಲ್ಲುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಡೈರಿಯಲ್ಲಿ ಒಂದು ನೋಟ್ ಪುಸ್ತಕ ಇಟ್ಟೆವು. ಒಂದು ತಿಂಗಳು, ಯಾವ ಹೊತ್ತಿನಲ್ಲಿ ಏನು ನಿಂತಿತು, ಯಾರು ಏನು ತಕರಾರು ಹೇಳಿದರು ಅಂತ ಬರೆದೆವು. ಕೊನೆಗೆ ನಾಲ್ಕು ವಿಷಯ ಉಳಿದವು.

ಒಂದನೆಯದು ಕರೆಂಟು. ಅದು ಹೋದಾಗಲೂ, ವೋಲ್ಟೇಜ್ ಏರಿಳಿದಾಗಲೂ ಪರೀಕ್ಷಾ ಯಂತ್ರ ತೊಡರುತ್ತದೆ. ಇದಕ್ಕೆ ಬೇಕಾದ್ದು ಸರಿಯಾದ ಅರ್ಥಿಂಗ್, ಸ್ಟೆಬಿಲೈಜರ್ ಮತ್ತು ಒಳ್ಳೆಯ ಬ್ಯಾಟರಿ. ಇದ್ದುದರಲ್ಲಿ ಕಡಿಮೆ ಖರ್ಚು ಇದೇ. ಹೀಗಾಗಿ ಮೊದಲನೇ ವರ್ಷ ಇದಾಗಲಿ.

ಎರಡನೆಯದು ಫ್ಯಾಟಿನ ಅನುಮಾನ. "ನಿನ್ನೆ 4.1 ಬಂದಿತ್ತು, ಇವತ್ತು 3.6 ಹೆಂಗೆ ಬಂತು ಸ್ವಾಮಿ?" ಅಂತ ಕೇಳುತ್ತಾರೆ. ಮೇವು ಬದಲಾದರೆ ಫ್ಯಾಟು ಬದಲಾಗುತ್ತದೆ. ಕೆಚ್ಚಲಿನ ಕೊನೆಯ ಹಾಲಿನಲ್ಲಿ ಜಿಡ್ಡು ಹೆಚ್ಚು, ಅದನ್ನು ಕರುವಿಗೆ ಬಿಟ್ಟರೆ ಇಳಿಯುತ್ತದೆ. ಇದು ನಿಜ. ಹಾಗೆಯೇ ಯಂತ್ರದೊಳಗೆ ಜಿಡ್ಡು ಕಟ್ಟಿಕೊಂಡರೆ ಅದೂ ತಪ್ಪು ತೋರಿಸುತ್ತದೆ. ಪ್ರತಿ ಹೊತ್ತೂ ತೊಳೆಯಬೇಕು. ಹಳೆಯ ಗರ್ಬರ್ ಪರೀಕ್ಷೆಯನ್ನು ಮೂಲೆಗೆ ಹಾಕುವುದು ಬೇಡ. 10 ಮಿಲಿ ಆಸಿಡ್, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ ತಿರುಗಿಸುವ ಆ ಪರೀಕ್ಷೆಯನ್ನು ವಾರಕ್ಕೊಮ್ಮೆ ಸದಸ್ಯರ ಎದುರಿಗೇ ಮಾಡಿ, ಯಂತ್ರದ ಲೆಕ್ಕದ ಜೊತೆ ತಾಳೆ ನೋಡೋಣ.

ಮೂರನೆಯದು ಸಾಲು. ಒಬ್ಬರಿಗೆ ಒಂದು ನಿಮಿಷ ಅಂದರೂ ನೂರು ಜನಕ್ಕೆ ನೂರು ನಿಮಿಷ. ಮಕ್ಕಳನ್ನು ಸ್ಕೂಲಿಗೆ ಕಳಿಸುವ ತಾಯಂದಿರು ಅಷ್ಟು ಹೊತ್ತು ಹೇಗೆ ನಿಲ್ಲುತ್ತಾರೆ? ಹಾಲೂ ನಿಲ್ಲಬಾರದು, ಬಿಸಿ ಆರದ ಹಾಲಿನಲ್ಲಿ ಕ್ರಿಮಿ ಬೇಗ ಬೆಳೆಯುತ್ತದೆ. ಎರಡನೇ ವರ್ಷ ಇನ್ನೊಂದು ತೂಕ, ಇನ್ನೊಂದು ಪರೀಕ್ಷಾ ಯಂತ್ರ ಬರಲಿ.

ನಾಲ್ಕನೆಯದು, ಕಂಪ್ಯೂಟರ್ ಬಲ್ಲವರು ಒಬ್ಬರೇ ಇರುವುದು. ಅವರಿಗೆ ಜ್ವರ ಬಂದರೆ ಬಟವಾಡೆ ನಿಲ್ಲುತ್ತದೆ. ಊರಿನ ಇನ್ನಿಬ್ಬರು ಮಕ್ಕಳಿಗೆ, ಅದರಲ್ಲೂ ಒಬ್ಬ ಹೆಣ್ಣುಮಗಳಿಗೆ, ಈಗಿನಿಂದಲೇ ಕಲಿಸಬೇಕು. ಇದಕ್ಕೆ ಯಂತ್ರವೂ ಬೇಡ.

ಇನ್ನು ಬಲ್ಕ್ ಕೂಲರ್. ಹಾಲನ್ನು 4 ಡಿಗ್ರಿಗೆ ಇಳಿಸುತ್ತದೆ, ಕೆಡಲು ಬಿಡುವುದಿಲ್ಲ, ಬಹಳ ಉಪಯೋಗದ್ದು. ಆದರೆ ತೊಟ್ಟಿ ತುಂಬುವಷ್ಟು ಹಾಲು, ಜನರೇಟರ್, ಡೀಸೆಲ್, ನೋಡಿಕೊಳ್ಳುವ ಆಳು ಎಲ್ಲ ಬೇಕು. ಅರ್ಧ ತುಂಬಿದರೆ ಖರ್ಚು ಮಾತ್ರ ಪೂರ್ತಿ. ಅಕ್ಕಪಕ್ಕದ ಸಂಘಗಳನ್ನು ಸೇರಿಸಿಕೊಂಡು, ಒಕ್ಕೂಟದವರ ಜೊತೆ ಕೂತು ಮಾತಾಡಿ, ಮೂರನೇ ವರ್ಷಕ್ಕೆ ತೀರ್ಮಾನ ಮಾಡೋಣ.

ಏನು ತಂದರೂ ನಾಲ್ಕು ಕಟ್ಟುಪಾಡು ಇರಲಿ. ಮೂರು ಕಡೆ ಕೊಟೇಶನ್ ಪಡೆಯಬೇಕು. ಕೆಟ್ಟರೆ ಎಷ್ಟು ದಿನದೊಳಗೆ ಬಂದು ರಿಪೇರಿ ಮಾಡುತ್ತಾರೆಂದು ಬರಹದಲ್ಲಿ ಪಡೆಯಬೇಕು. ಹೊಸ ಯಂತ್ರ ಬಂದ ಮೇಲೂ ಮೂರು ತಿಂಗಳು ಕೈಬರಹದ ಪುಸ್ತಕ ಬಿಡಬಾರದು. ಯಂತ್ರ ತಂದ ದಿನದಿಂದಲೇ ಸವಕಳಿ ಹಣ ಬೇರೆ ಎತ್ತಿಡಬೇಕು. ಇಲ್ಲದಿದ್ದರೆ ಅದು ಹಳೆಯದಾದ ದಿನ ಮತ್ತೆ ಕೈ ಚಾಚಬೇಕಾಗುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತೇವೆ ಅಂದರೆ, ಒಂದೇ ಹಸು ಕಟ್ಟಿಕೊಂಡು ಸಂಸಾರ ಸಾಗಿಸುವ ಮನೆಗಳು ನಮ್ಮಲ್ಲಿವೆ. ತಪ್ಪು ಲೆಕ್ಕದಿಂದ ಲೀಟರಿಗೆ ಇಪ್ಪತ್ತು ಪೈಸೆ ಹೋಯಿತು ಅಂತ ಇಟ್ಟುಕೊಳ್ಳಿ. ದಿನಕ್ಕೆ 10 ಲೀಟರ್ ಹಾಕುವವರಿಗೆ ವರ್ಷಕ್ಕೆ 730 ರೂಪಾಯಿ. ಅದು ಒಂದು ಮಗುವಿನ ಪುಸ್ತಕದ ದುಡ್ಡು. ಸರ್ಕಾರದ ಪ್ರೋತ್ಸಾಹಧನ ಖಾತೆಗೆ ಬೀಳುವುದೂ ಸಂಘ ಕಳಿಸುವ ಲೆಕ್ಕದ ಮೇಲೆಯೇ. ಅನುಮಾನ ಬಂದವರು ಜಗಳ ಮಾಡುವುದಿಲ್ಲ, ಸುಮ್ಮನೆ ಹೊರಗಿನ ವ್ಯಾಪಾರಿಯ ಕ್ಯಾನಿಗೆ ಹಾಲು ಸುರಿಯುತ್ತಾರೆ. ಹಾಗೆ ಹತ್ತು ಮನೆ ಹೋದರೆ ಸಂಘ ಸೊರಗುತ್ತದೆ.

ಬೆಳ್ಳಿಹಬ್ಬದ ನೆನಪಿಗೆ ಊರ ಬಾಗಿಲಲ್ಲಿ ಕಮಾನು ಕಟ್ಟಿಸೋಣ ಎಂಬ ಸಲಹೆ ಸಭೆಯ ಮುಂದಿದೆ. ಹೇಳಿದವರ ಅಭಿಮಾನ ದೊಡ್ಡದು, ಅವರಿಗೆ ಕೈ ಮುಗಿಯುತ್ತೇವೆ. ಆದರೂ ನಮ್ಮ ವಿನಂತಿ ಇಷ್ಟೇ: ಹಬ್ಬದ ಊಟ ಆಗಲಿ, ಹಿರಿಯರಿಗೆ ಸನ್ಮಾನ ಆಗಲಿ, ಕಮಾನಿನ ಹಣ ಮಾತ್ರ ಮೊದಲನೇ ವರ್ಷದ ಕೆಲಸಕ್ಕೆ ಹೋಗಲಿ. ಒಪ್ಪುವುದು ಬಿಡುವುದು ಸಭೆಗೆ ಸೇರಿದ್ದು. ನಾಡಿನ ಮೊದಲ ಸಹಕಾರ ಸಂಘ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಹುಟ್ಟಿದಾಗ ಯಂತ್ರ ಇರಲಿಲ್ಲ, ಒಬ್ಬರ ಲೆಕ್ಕವನ್ನು ಒಬ್ಬರು ನಂಬುವ ಗುಣ ಇತ್ತು. ಆ ನಂಬಿಕೆ ಉಳಿಸುವ ಯಂತ್ರವೇ ನಮಗೆ ಬೇಕಾದ ಯಂತ್ರ.



ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.